ನೀವು ಕೇಳಿದ್ದು: ಕ್ಯಾಥೆಡ್ರಲ್‌ನಲ್ಲಿ ಮೊಜಾರ್ಟ್

ಪ್ರಶ್ನೆ: ಆಸ್ಟ್ರಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಒಂದು ದೊಡ್ಡ ಕ್ಯಾಥೆಡ್ರಲ್‌ನಲ್ಲಿ ಮೊಜಾರ್ಟ್‌ನ ‘ರೆಕ್ವಿಯಂ’ (ತೀರಿಕೊಂಡವರಿಗಾಗಿ ನಡೆಸುವ ಪೂಜೆಯ ಸಂಗೀತ) ಕೇಳಿದೆವು. ಸಿ.ಡಿ.ಯಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ‘ಕೀರಿಯೆ’ ಭಾಗ ಅಲ್ಲಿ ಕಲಸುಮೇಲೋಗರವಾಗಿತ್ತು. ನಾವು ಕೂತಿದ್ದು ಹಿಂದಿನ ಸಾಲಿನಲ್ಲಿ. ತಪ್ಪು ಹಾಡಿದವರದೋ, ನಮ್ಮ ಕಿವಿಯದೋ?
— ಓದುಗರು, ಹಾಸನ

ಉತ್ತರ: ಎರಡೂ ಅಲ್ಲ, ಕಟ್ಟಡದ್ದು. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ದನಿ ನಿಂತ ಮೇಲೆ ಅದರ ಅನುರಣನ ಸುಮಾರು 2 ಸೆಕೆಂಡು ಉಳಿಯುತ್ತದೆ. ಕಲ್ಲಿನ ದೊಡ್ಡ ಕ್ಯಾಥೆಡ್ರಲ್‌ನಲ್ಲಿ 5-6 ಸೆಕೆಂಡು ಮಾಮೂಲು. ಲಂಡನ್ನಿನ ಸೇಂಟ್ ಪಾಲ್ಸ್‌ನಂಥ ಗುಮ್ಮಟದಡಿ 10 ಸೆಕೆಂಡು ದಾಟುತ್ತದೆ. ‘ಕೀರಿಯೆ’ ಒಂದು ಜೋಡಿ ಫ್ಯೂಗ್: ಎರಡು ಧಾಟಿಗಳು ನಾಲ್ಕು ಕಂಠಗಳಲ್ಲಿ ಒಂದನ್ನೊಂದು ಬೆನ್ನಟ್ಟುತ್ತವೆ. ‘ಕ್ರಿಸ್ತೆ ಎಲೇಯಿಸೋನ್’ ಎನ್ನುವಲ್ಲಿ ಸೆಕೆಂಡಿಗೆ ಐದಾರು ಸ್ವರ ಉರುಳುತ್ತವೆ. ಹಿಂದಿನ ಸಾಲು ತಲುಪುವ ಹೊತ್ತಿಗೆ ಹತ್ತಿಪ್ಪತ್ತು ಸ್ವರ ಒಂದರ ಮೇಲೊಂದು ಬಿದ್ದಿರುತ್ತವೆ.

ಪಳಗಿದ ವಾದ್ಯವೃಂದ ನಿರ್ದೇಶಕರು ಇದಕ್ಕೆ ಮೊದಲೇ ಸಿದ್ಧರಾಗುತ್ತಾರೆ. ಕಾಲವನ್ನು ಒಂದಿಷ್ಟು ಇಳಿಸುತ್ತಾರೆ. ಉರುಳುವ ಸ್ವರಗಳನ್ನು ಎಳೆದು ಕೂಡಿಸದೆ, ಮಣಿ ಪೋಣಿಸಿದಂತೆ ಬಿಡಿಬಿಡಿಯಾಗಿ ಹಾಡಿಸುತ್ತಾರೆ. ಪಿಟೀಲಿನವರಿಗೆ ಕಮಾನು ಚಿಕ್ಕದಾಗಿ ಎಳೆಯಲು ಹೇಳುತ್ತಾರೆ. ವ್ಯಂಜನಗಳ ಕೆಲಸ ಇನ್ನೂ ನಾಜೂಕು. ಲ್ಯಾಟಿನ್ ಸಾಹಿತ್ಯದ ‘ದೀಯೆಸ್’ ಪದದ ಕೊನೆಯ ‘ಸ್’ ಅನ್ನು ನಲವತ್ತು ಮಂದಿ ಹಿಂದೆಮುಂದೆ ಉಚ್ಚರಿಸಿದರೆ ಕುಕ್ಕರ್ ಸೀಟಿಯಂತೆ ಕೇಳುತ್ತದೆ. ಅದಕ್ಕೇ ಕೆಲವು ಕಡೆ ಒಂದೇ ಸಾಲಿನವರು ‘ಸ್’ ಹೇಳಿ ಉಳಿದವರು ಅದರ ಹಿಂದಿನ ಸ್ವರಾಕ್ಷರದಲ್ಲೇ ನಿಲ್ಲುತ್ತಾರೆ. ತಂಡ ದೊಡ್ಡದಾದಷ್ಟೂ ಚೆನ್ನ ಎಂಬುದು ತಪ್ಪು ಲೆಕ್ಕ. ಇಂಥ ಜಾಗಕ್ಕೆ 30-40 ಗಾಯಕರು, 25-30 ವಾದ್ಯಗಾರರು ಸಾಕೇ ಸಾಕು.

ಮುಂದಿನ ಸಲ ಮೊದಲ ಎಂಟು ಹತ್ತು ಸಾಲಿನೊಳಗೆ ಕೂರಿ. ಹತ್ತಿರ ಕೂತಷ್ಟೂ ನೇರ ದನಿ ಪ್ರತಿದನಿಯಲ್ಲಿ ಮುಳುಗದೆ ಕೇಳುತ್ತದೆ. ದಪ್ಪ ಕಂಬದ ಹಿಂದಿನ ಅಗ್ಗದ ಟಿಕೆಟ್ ಬೇಡ.

ಪ್ರಶ್ನೆ: ವಿಡಿಯೊಗಳಲ್ಲಿ ನೋಡಿದ್ದೇನೆ, ಗೋಡೆ ತುಂಬ ಪೈಪ್ ಆರ್ಗನ್ ಇದ್ದರೂ ಗಾಯಕರ ಮಗ್ಗುಲಲ್ಲಿ ಬೀರುವಿನಷ್ಟು ಪುಟ್ಟ ಆರ್ಗನ್ ನುಡಿಸುತ್ತಾರೆ. ಏಕೆ?
— ಚರ್ಚ್ ಗಾಯನ ತಂಡದ ಸದಸ್ಯೆ, ಮಂಗಳೂರು

ಉತ್ತರ: ಒಂದು ಕಾರಣ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ದೊಡ್ಡ ಆರ್ಗನ್ 50 ಮೀಟರ್ ಆಚೆ ಇದ್ದರೆ ಅದರ ದನಿ 0.15 ಸೆಕೆಂಡು ತಡ. ಅರ್ಧ ಸೆಕೆಂಡಿಗೊಂದು ತಟ್ಟು ಬೀಳುವ ಲಯದಲ್ಲಿ ಅದು ಕಾಲು ತಟ್ಟಿಗಿಂತ ಹೆಚ್ಚು. ಆರ್ಗನ್‌ನವರು ಮುಂಚಿತವಾಗಿ ಒತ್ತಿ ಸರಿದೂಗಿಸಬೇಕು, ಅದೂ ತಮ್ಮ ಕಿವಿಯನ್ನು ನಂಬದೆ, ಕನ್ನಡಿ ಅಥವಾ ಕ್ಯಾಮೆರಾದಲ್ಲಿ ಕಾಣುವ ನಿರ್ದೇಶಕರ ಕೈಯನ್ನಷ್ಟೇ ನೋಡಿಕೊಂಡು. ಪುಟ್ಟ ಆರ್ಗನ್ ಚೆಲ್ಲೋದವರ ಪಕ್ಕದಲ್ಲೇ ಇದ್ದರೆ ಈ ಕಷ್ಟವೇ ಇಲ್ಲ.

ಇನ್ನೊಂದು ಕಾರಣ ಶ್ರುತಿ. 18 ಡಿಗ್ರಿಯಲ್ಲಿ 440 ಹರ್ಟ್ಸ್‌ಗೆ ಕೂಡಿಸಿದ ಕೊಳವೆ, ಚಳಿಗಾಲದಲ್ಲಿ ಚರ್ಚಿನೊಳಗೆ 8 ಡಿಗ್ರಿಗೆ ಇಳಿದರೆ 432ರ ಆಸುಪಾಸಿಗೆ ಜಾರುತ್ತದೆ. ಪಿಟೀಲಿನ ತಂತಿ ಮಾತ್ರ ಚಳಿಗೆ ಬಿಗಿದು ಮೇಲೇರುತ್ತದೆ. ಆರ್ಗನ್‌ನಲ್ಲೇ ಅದುರುವ ಲೋಹದ ನಾಲಗೆ ಇರುವ ಕೊಳವೆಗಳು ಅಷ್ಟಾಗಿ ಕದಲುವುದಿಲ್ಲ, ಹಾಗಾಗಿ ಅದರೊಳಗೇ ಅಪಶ್ರುತಿ. ಪರಿಹಾರ: ಕಛೇರಿಯ ದಿನ ಬೆಳಗ್ಗೆಯಿಂದಲೇ ಹೀಟರ್ ಹಾಕಿ, ಜನ ಒಳಗೆ ಬಂದು ಕೂತ ಮೇಲೆ ಆರ್ಗನ್ನಿಗೇ ಶ್ರುತಿ ಸೇರಿಸುವುದು. ಬೇರೆ ಕಡೆ ಓಬೋ ಶ್ರುತಿ ಕೊಡುತ್ತದೆ. ‘ರೆಕ್ವಿಯಂ’ನಲ್ಲಿ ಓಬೋ ಇಲ್ಲವೇ ಇಲ್ಲ, ಕೊಳಲೂ ಇಲ್ಲ. ಎರಡು ಬ್ಯಾಸೆಟ್ ಹಾರ್ನ್ (ಕ್ಲಾರಿನೆಟ್ ಜಾತಿಯ ತಗ್ಗುದನಿಯ ವಾದ್ಯ), ಎರಡು ಬಸೂನ್, ಎರಡು ಟ್ರಂಪೆಟ್, ಮೂರು ಟ್ರಾಂಬೋನ್, ಟಿಂಪನಿ, ತಂತಿವಾದ್ಯಗಳು, ಆರ್ಗನ್. ಆ ಕತ್ತಲು ಬಣ್ಣ ಬಂದಿರುವುದೇ ಇದರಿಂದ.

ಪ್ರಶ್ನೆ: ಮೂರು ಟ್ರಾಂಬೋನ್‌ಗಳು ಬಹುಪಾಲು ನುಡಿಯುತ್ತಲೇ ಇದ್ದರೂ ಬೇರೆಯಾಗಿ ಕೇಳುವುದಿಲ್ಲವಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ಕೇಳಬಾರದು ಎಂದೇ ಇರುವುದು. ಆಲ್ಟೊ, ಟೆನರ್, ಬಾಸ್ ಕಂಠಗಳ ಸ್ವರಗಳನ್ನೇ ಅವು ಹಿಂಬಾಲಿಸುತ್ತವೆ. ಆಸ್ಟ್ರಿಯಾದ ಚರ್ಚುಗಳ ಹಳೆಯ ಪದ್ಧತಿ ಇದು. ಜೋರಾದರೆ ಪದಗಳು ಮುಚ್ಚಿಹೋಗುತ್ತವೆ. ‘ತೂಬಾ ಮೀರುಂ’ ಭಾಗದಲ್ಲಿ ಮಾತ್ರ ಟ್ರಾಂಬೋನ್ ಒಂಟಿಯಾಗಿ ಎದ್ದು ನಿಲ್ಲುತ್ತದೆ.

ಪ್ರಶ್ನೆ: ಮೊದಲ ಸಲ ಕೇಳುವವರು ಏನನ್ನು ಗಮನಿಸಬೇಕು? ಚಪ್ಪಾಳೆ ಯಾವಾಗ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ‘ಲಾಕ್ರಿಮೋಸಾ’ ಭಾಗದ ಮೊದಲ 8 ಅಳತೆಗಳನ್ನು (ಬಾರ್, ನಮ್ಮ ತಾಳದ ಆವರ್ತನದ ಹಾಗೆ). ಎರಡು ಅಳತೆ ಪಿಟೀಲುಗಳ ಬಿಕ್ಕಳಿಕೆ, ಆಮೇಲೆ ಗಾಯಕರು ಮೆಟ್ಟಿಲೇರಿದಂತೆ ಏರುತ್ತ ‘ಹೋಮೋ ರೇಉಸ್’ ಎಂಬಲ್ಲಿಗೆ ಬರುತ್ತಾರೆ. ಮೊಜಾರ್ಟ್‌ನ ಬರಹ ಆ ಭಾಗದಲ್ಲಿ ಅಲ್ಲಿಗೇ ನಿಂತಿದೆ. ಅವನು ತೀರಿಕೊಂಡದ್ದು 1791ರ ಡಿಸೆಂಬರ್ 5ರಂದು. ಉಳಿದದ್ದನ್ನು ತುಂಬಿಸಿ ಮುಗಿಸಿದವನು ಅವನ ಶಿಷ್ಯ ಜ್ಯೂಸ್ಮಾಯರ್. ಕೊನೆಯ ಭಾಗಕ್ಕೆ ಅವನು ಆರಂಭದ ಸಂಗೀತವನ್ನೇ, ಹೊಸ ಸಾಹಿತ್ಯ ಕೂಡಿಸಿ ಮರಳಿ ತಂದ.

ಹೀಗಾಗಿ ‘ಕೀರಿಯೆ’ಯ ಫ್ಯೂಗ್ ಕೊನೆಯಲ್ಲಿ ಮತ್ತೆ ಬರುತ್ತದೆ. ಅದರ ಕಟ್ಟಕಡೆಯ ಸ್ವರಗುಚ್ಛದಲ್ಲಿ (ಕಾರ್ಡ್) ಗಾಂಧಾರವಿಲ್ಲ: ಷಡ್ಜ, ಪಂಚಮ ಎರಡೇ, ನಮ್ಮ ತಂಬೂರಿಯ ಹಾಗೆ. ನಿರ್ದೇಶಕರ ಕೈ ನಿಂತ ಮೇಲೂ ಆ ಎರಡು ಸ್ವರ ಚರ್ಚಿನ ಕಮಾನುಗಳಡಿ ಐದಾರು ಸೆಕೆಂಡು ತೇಲುತ್ತವೆ. ಅವು ಪೂರ್ತಿ ಅಡಗಿ, ಎತ್ತಿದ ಕೈ ಕೆಳಗಿಳಿದ ಮೇಲೆ ಚಪ್ಪಾಳೆ ತಟ್ಟಿ.