ಐದು ಸಲ ಮಡಿಕೇರಿಗೆ ಹೋದವನು

ಗೆಳೆಯರ ಜೊತೆ ಟ್ರಿಪ್ ಹೋಗಿ, ಮನಸ್ಸು ಕೆಡಿಸಿಕೊಂಡು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರು ಹೊಸಬರಲ್ಲ. ಓಣಂ ರಜೆ, ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಅಂಥವರು ಒಬ್ಬಿಬ್ಬರಾದರೂ ಇರುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಜಗಳ, ರೂಮಿನ ವಿಷಯಕ್ಕೆ ಮುನಿಸು. ಹೆಚ್ಚಿನವು ಎರಡು ವಾರದಲ್ಲಿ ತಾನಾಗಿ ಸರಿಯಾಗುತ್ತವೆ. ಈ ಒಬ್ಬನದನ್ನು ಮಾತ್ರ ಬರೆಯುತ್ತಿದ್ದೇನೆ, ಯಾಕೆಂದರೆ ಅವನ ಮಾತು ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಒಪ್ಪಿಗೆ ಕೇಳಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಪ್ರಾಯ 30ರ ಹತ್ತಿರ. ನಮ್ಮ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯವನು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಅಡಿಕೆ ತೋಟ, ಇವನಿಗೊಂದು ಆಫೀಸು ಕೆಲಸ, ಸಾಲ ಮಾಡಿ ತೆಗೆದ ಸೆಕೆಂಡ್ ಹ್ಯಾಂಡ್ ಕಾರು. ಕನ್ನಡ ಮೀಡಿಯಂ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಒಟ್ಟಿಗೆ ಓದಿದ ಐದು ಮಂದಿಯ ಗುಂಪು. ಇಬ್ಬರು ಗಲ್ಫಿನಲ್ಲಿದ್ದಾರೆ, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಮಂಗಳೂರಿನಲ್ಲಿ. ಊರಲ್ಲಿ ಉಳಿದವನು ಇವನೊಬ್ಬನೇ.

ಅವನನ್ನು ಕರೆದುಕೊಂಡು ಬಂದದ್ದು ಅಮ್ಮ. ಸಣ್ಣದಕ್ಕೆಲ್ಲ ಸಿಟ್ಟು ಮಾಡುತ್ತಾನೆ, ಫೋನ್ ತೆಗೆಯುವುದಿಲ್ಲ, ರಾತ್ರಿ ಬೆಚ್ಚಿ ಏಳುತ್ತಾನೆ ಎಂದರು. ಮೊದಲ ಎರಡು ಭೇಟಿಯಲ್ಲಿ ಅವನು ಆಫೀಸಿನ ಒತ್ತಡದ ಬಗ್ಗೆಯೇ ಮಾತಾಡಿದ. ನಾನೂ ಅದನ್ನೇ ನಂಬಿದೆ.

ಮೂರನೇ ಸಲ ಬಂದಾಗ ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದ. ಮೇಜಿನ ಮೇಲಿದ್ದ ಫೋನಿಗೆ ಒಂದರ ಹಿಂದೆ ಒಂದು ಮೆಸೇಜು ಬಂತು. ಅವನು ಒಮ್ಮೆ ನೋಡಿ ಫೋನನ್ನು ಕವುಚಿ ಹಾಕಿದ. ಯಾರದು ಎಂದು ಕೇಳಿದೆ.

"ಫ್ರೆಂಡ್ಸ್ ಟೀಚರೇ. ಊರಿಗೆ ಬರ್ತಾರಂತೆ. ಪುನಃ ಮಡಿಕೇರಿಗೆ ಹೋಗುವಾ ಅಂತ."

(ನಾನು ಅವನಿಗೆ ಪಾಠ ಮಾಡಿದವಳಲ್ಲ. ಆದರೆ ನಮ್ಮ ಊರಿನಲ್ಲಿ ನನ್ನ ವಯಸ್ಸಿನ ಹೆಂಗಸು ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದರೆ ಅವಳು ಟೀಚರೇ.)

"ಒಳ್ಳೆಯದಲ್ವಾ? ಹೋಗಿ ಬಾ" ಎಂದೆ.

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಾನು ಮಡಿಕೇರಿಗೆ ಐದು ಸಲ ಹೋಗಿದ್ದೇನೆ ಟೀಚರೇ. ರಾಜಾಸೀಟ್‌ನಲ್ಲಿ ಸೂರ್ಯ ಮುಳುಗುವುದನ್ನು ಒಂದು ಸಲವೂ ನೋಡ್ಲಿಕ್ಕೆ ಆಗ್ಲಿಲ್ಲ."

"ಯಾಕೆ?"

"ಅವರನ್ನು ಗೇಟಿನ ಹತ್ತಿರ ಇಳಿಸಿ ನಾನು ಪಾರ್ಕಿಂಗ್ ಹುಡುಕ್ಲಿಕ್ಕೆ ಹೋಗ್ತೇನೆ. ವಾರದ ಕೊನೆ ಅಲ್ವಾ, ಎಲ್ಲಿಯೂ ಜಾಗ ಇಲ್ಲ. ಸಿಕ್ಕಿ, ನಡೆದು ಬರುವಾಗ ಕತ್ತಲೆ."

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಚೆರ್ಕಳದಿಂದ ಹೊರಟರೆ ಜಾಲ್ಸೂರು, ಸುಳ್ಯ, ಸಂಪಾಜೆ, ಘಾಟಿ ಹತ್ತಿ ಇಳಿಯುವವರೆಗೂ ಸ್ಟಿಯರಿಂಗ್ ಇವನದೇ. ಇವನು ಕುಡಿಯುವುದಿಲ್ಲ. ಹಾಗಾಗಿ "ನೀನು ಕುಡಿಯುದಿಲ್ವಲ್ಲ ಮಾರಾಯ, ನೀನೇ ಕಾರು ಬಿಡು." ಉಳಿದವರು ಊಟ, ರೂಮು ಹಂಚಿಕೊಳ್ಳುತ್ತಾರೆ. ಪೆಟ್ರೋಲ್ ಮಾತ್ರ ಇವನ ಲೆಕ್ಕಕ್ಕೆ ಹೋಗುತ್ತದೆ, ಕಾರು ಇವನದಲ್ವಾ! ಹಿಂದಿನ ಟ್ರಿಪ್‌ನಲ್ಲಿ ಮಾಂದಲಪಟ್ಟಿಗೆ ಬೆಳಗಿನ ಜಾವ ಬಾಡಿಗೆ ಜೀಪಿನಲ್ಲಿ ಹೋದರಂತೆ. ಆ ದಾರಿ ಅಷ್ಟು ಕೆಟ್ಟದ್ದು, ಅಲ್ಲಿನ ಜೀಪಿನವರೇ ಬೇಕು. "ಅದೊಂದು ಸಲ ನಾನು ಹಿಂದೆ ಕೂತಿದ್ದೆ. ಎಲ್ಲರ ತಲೆ ಜೀಪಿನ ಟಾಪಿಗೆ ಬಡೀತಿತ್ತು, ನಗಾಡಿ ನಗಾಡಿ ಹೊಟ್ಟೆ ನೋವಾಯ್ತು" ಎಂದು ಹೇಳುವಾಗ ಅವನ ಮುಖ ಬೇರೆಯೇ ಆಯಿತು. ನನ್ನ ಎದುರು ಅವನು ನಕ್ಕದ್ದು ಅದೇ ಮೊದಲು.

ನಾನು ಕೇಳಿದೆ, "ವಾಪಸು ಬರುವಾಗ?"

ತಿರುಗುತ್ತಿದ್ದ ಕೀ ನಿಂತಿತು.

ಜೀಪಿಗೆಂದು ಬೆಳಿಗ್ಗೆ 4 ಗಂಟೆಗೆ ಎದ್ದಿದ್ದರು. ಇಡೀ ದಿನ ಸುತ್ತಾಟ. ಮರುದಿನ ಸೋಮವಾರ, ಆಫೀಸು. ರಾತ್ರಿ ಊಟ ಮಾಡಿ ಹೊರಟರು. 11 ಗಂಟೆಗೆ ಘಾಟಿ ಇಳಿಯುತ್ತಿದ್ದಾಗ ನಾಲ್ವರೂ ನಿದ್ದೆ. ಇವನಿಗೂ ಕಣ್ಣು ಮುಚ್ಚಿತು. ಎಷ್ಟು ಹೊತ್ತು ಎಂದು ಅವನಿಗೇ ಗೊತ್ತಿಲ್ಲ. ಎಡಗಡೆಯ ಟಯರು ರಸ್ತೆ ಬಿಟ್ಟು ಜಲ್ಲಿಯ ಮೇಲೆ ಹೋದ ಸದ್ದಿಗೆ ಎಚ್ಚರವಾಯಿತು. ಸ್ಟಿಯರಿಂಗ್ ಎಳೆದ. ಕಾರು ರಸ್ತೆಗೆ ಬಂತು.

"ಒಬ್ಬನಿಗೂ ಎಚ್ಚರ ಆಗ್ಲಿಲ್ಲ ಟೀಚರೇ. ಈಗಲೂ ಅವರಿಗೆ ಗೊತ್ತಿಲ್ಲ. ಒಬ್ಬನ ಹೆಂಡತಿ ಆಗ ಬಸುರಿ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇನ್ನು ನನ್ನ ಹತ್ತಿರ ಕಾರು ಬಿಡ್ಲಿಕ್ಕೆ ಹೇಳುದಿಲ್ಲ. ಕಾರು ಬಿಡದಿದ್ರೆ ನನ್ನನ್ನು ಎಂತಕ್ಕೆ ಕರೀಬೇಕು?"

ನನ್ನ ನಿದ್ದೆ ಕೆಡಿಸಿದ ಮಾತು ಇದೇ. ಜಲ್ಲಿಯ ಸದ್ದಿಗಿಂತ ಜಾಸ್ತಿ ಅವನನ್ನು ಹೆದರಿಸಿದ್ದು ಈ ಯೋಚನೆ.

ನಾನು ಅವನಿಗೆ ಮೊದಲು ಹೇಳಿದ್ದು ದೇಹದ ವಿಷಯ. 17 ಗಂಟೆ ನಿದ್ದೆಯಿಲ್ಲದೆ ಇದ್ದವನ ಕೈ, ಕಣ್ಣು ಕೆಲಸ ಮಾಡುವುದು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಹಾಗೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಅವನು ಎಚ್ಚರವಿದ್ದದ್ದು 19 ಗಂಟೆ. ಕುಡಿಯದವನು ಅಂತ ಗೆಳೆಯರು ಅವನ ಕೈಗೆ ಕೀ ಕೊಟ್ಟರು, ಆದರೆ ಆ ಹೊತ್ತಿಗೆ ಅವನೂ ಕುಡಿದವನ ಹಾಗೆಯೇ ಇದ್ದ. ಪೊಲೀಸರು ಊದಿಸುವ ಯಂತ್ರದಲ್ಲಿ ನಿದ್ದೆ ಸಿಕ್ಕಿಬೀಳುವುದಿಲ್ಲ. ಕಿಟಕಿ ಇಳಿಸಿದರೆ, ಹಾಡು ಜೋರು ಮಾಡಿದರೆ ಆ ನಿದ್ದೆ ಹೋಗುವುದಿಲ್ಲ. ಬದಿಗೆ ನಿಲ್ಲಿಸಿ 20 ನಿಮಿಷ ಮಲಗಿದರೆ ಒಂದಿಷ್ಟು ಹೊತ್ತಿಗೆ ಸಾಕಾದೀತು, ಪೂರ್ತಿ ನಿದ್ದೆಗೆ ಬದಲು ಯಾವುದೂ ಇಲ್ಲ.

ಆಮೇಲೆ ಸಲಹೆ. ಜಲ್ಲಿಯ ಮೇಲೆ ಹೋದದ್ದನ್ನು ಅವರಿಗೆ ಹೇಳು ಎಂದೆ. ವಾಟ್ಸಾಪಿನಲ್ಲಿ ಬೇಡ, ಎಲ್ಲರೂ ಎದುರು ಕೂತಿರುವಾಗ. ಟ್ರಿಪ್‌ಗೆ ಹೋಗುವುದಿಲ್ಲ ಅನ್ನಬೇಡ, ನಿನ್ನ ಕಾರು ಇಲ್ಲದೆ ಹೋಗುವಾ ಅನ್ನು. ಡ್ರೈವರ್ ಸಮೇತ ಬಾಡಿಗೆ ಗಾಡಿ ಮಾಡಿ, ಅವನ ಭತ್ಯೆ, ಅವನಿಗೆ ಮಲಗಲು ಜಾಗ ಎಲ್ಲ ಸೇರಿಸಿ ಐದು ಪಾಲು ಮಾಡಿ. ಹಣ ಹೊರಡುವ ಮೊದಲೇ ಒಬ್ಬನ ಕೈಗೆ ಬರಲಿ. ಬಂದ ಮೇಲೆ ಕೇಳುವ ಲೆಕ್ಕ ಯಾವಾಗಲೂ ಜಗಳ. ರಾತ್ರಿ ಘಾಟಿ ಇಳಿಯುವುದು ಬೇಡವೇ ಬೇಡ, ಬೇಕಾದರೆ ಸೋಮವಾರ ಅರ್ಧ ದಿನ ರಜೆ ಹಾಕು. ನೋಡುವ ಜಾಗ ಎರಡು ಕಡಿಮೆಯಾದರೆ ಆಗಲಿ. ಊರಿಗೆ ಬರುವ ಹುಡುಗರಿಗೆ ರಜೆ ಮುಗಿಯುವ ಮೊದಲು ಎಲ್ಲ ವಸೂಲು ಮಾಡಬೇಕು ಅನ್ನುವ ಅವಸರ. ಅದು ನನಗೆ ಅರ್ಥವಾಗುತ್ತದೆ. ಆದರೆ ಒಬ್ಬನ ನಿದ್ದೆಯಿಂದ ನಾಲ್ವರು ವಸೂಲು ಮಾಡಬಾರದು.

ನನ್ನ ಸಲಹೆಯನ್ನು ಒಪ್ಪದವರೂ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು, "ಇಂಥ ಗೆಳೆತನ ಬಿಟ್ಟುಬಿಡು ಅಂತ ಹೇಳಬೇಕಿತ್ತು. ಅವನನ್ನು ಬಳಸಿಕೊಳ್ಳುತ್ತಿದ್ದಾರೆ" ಎಂದರು. ನಾನು ಹಾಗೆ ಹೇಳುವುದಿಲ್ಲ. ಗಡಿಯ ಈಚೆ ಕನ್ನಡದಲ್ಲಿ ಓದಿದ ಹುಡುಗರ ಕ್ಲಾಸುಗಳೇ ಸಣ್ಣವು. ಅವರಲ್ಲಿ ಅರ್ಧ ಮಂದಿ ಊರು ಬಿಟ್ಟಿರುತ್ತಾರೆ. ಆಫೀಸಿನಲ್ಲಿ ಮಲಯಾಳ, ಮನೆಯಲ್ಲಿ ತುಳು, ಇವನು ಬಾಲ್ಯದ ಕನ್ನಡದಲ್ಲಿ ಬೈದು ನಗುವುದು ಈ ನಾಲ್ವರ ಜೊತೆ ಮಾತ್ರ. 30ರ ನಂತರ ಅಂಥ ಗೆಳೆಯರು ಹೊಸದಾಗಿ ಸಿಗುತ್ತಾರಾ? ಮತ್ತೆ, ಅವರು ಕೆಟ್ಟವರು ಎಂದು ನನಗೆ ಹೇಗೆ ಗೊತ್ತು? ಇವನು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಕೇಳದೆಯೇ ಅವರಿಗೆ ಶಿಕ್ಷೆ ಕೊಡುವುದು ನನಗೆ ಸರಿ ಕಾಣಲಿಲ್ಲ.

ಅವನು ಹೇಳಿದ. ಬದಿಯಡ್ಕದ ಒಂದು ಹೋಟೆಲಿನಲ್ಲಿ, ಚಹಾ ತಣ್ಣಗಾಗುವವರೆಗೆ. ಇಬ್ಬರು ಮಾತೇ ಆಡಲಿಲ್ಲವಂತೆ. ಬೆಂಗಳೂರಿನವನು ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ. ಹೆಂಡತಿ ಬಸುರಿಯಾಗಿದ್ದವನಿಗೆ ಮಾತ್ರ ಸಿಟ್ಟು ಬಂತು: "ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?" ಅವನ ಸಿಟ್ಟಿನಲ್ಲಿ ನ್ಯಾಯ ಇದೆ. ನಾನು ಅದಕ್ಕೆ ಇವನನ್ನು ತಯಾರು ಮಾಡಿರಲಿಲ್ಲ, ಮಾಡಬೇಕಿತ್ತು.

ಮಡಿಕೇರಿ ಬಿಟ್ಟು ನಮ್ಮದೇ ಜಿಲ್ಲೆಯ ರಾಣಿಪುರಕ್ಕೆ ಹೋದರು, ಬಾಡಿಗೆ ಗಾಡಿಯಲ್ಲಿ. ಬೆಳಿಗ್ಗೆ ಹೋಗಿ, ಹುಲ್ಲುಗಾವಲಿನವರೆಗೆ ಹತ್ತಿ, ಬೆಳಕಿರುವಾಗಲೇ ಮನೆ ಸೇರಿದರು. ಹೋದದ್ದು ನಾಲ್ಕೇ ಮಂದಿ. ಸಿಟ್ಟಾದವನು ಬರಲಿಲ್ಲ.

ಕೊನೆಯ ಭೇಟಿಯಲ್ಲಿ ಇವನು ರಾತ್ರಿ ಸರಿಯಾಗಿ ನಿದ್ದೆ ಬರುತ್ತಿದೆ ಎಂದ. ಆದರೆ ಆ ಗೆಳೆಯ ಫೋನ್ ಎತ್ತುತ್ತಿಲ್ಲ, ರಜೆ ಮುಗಿಯಲು ಒಂಬತ್ತು ದಿನ ಇದೆ, ಎಂತ ಮಾಡುವುದು ಎಂದು ಕೇಳಿದ. ಅವನ ಮನೆಗೆ ಹೋಗು, ಮಗುವನ್ನು ನೋಡಿ ಬಾ ಎಂದೆ. ಕಾರು ಮನೆಯಲ್ಲೇ ಇರಲಿ, ಬಸ್ಸಿನಲ್ಲಿ ಹೋಗು.