ಚಿಮಣಿ ಕೊಳ್ಳುವ ಮುನ್ನ ಟೇಪು ಹಿಡಿಯಬೇಕಾದ ಜಾಗಗಳು

ಪ್ರಶ್ನೆ: ನಮ್ಮ ಅಡುಗೆಮನೆ 3 ಮೀಟರ್ ಉದ್ದ, 2.5 ಮೀಟರ್ ಅಗಲ, 2.7 ಮೀಟರ್ ಎತ್ತರ ಇದೆ. ಒಂದು ಬದಿ ಹಾಲ್‌ಗೆ ತೆರೆದುಕೊಂಡಿದೆ. ಗ್ಯಾಸ್ ಒಲೆಯ ಅಗಲ 75 ಸೆಂ.ಮೀ. ಗೋಡೆಯಲ್ಲಿ 100 ಮಿ.ಮೀ. ರಂಧ್ರ ಮೊದಲೇ ಇದೆ. ಲೆಕ್ಕಕ್ಕೆ ಹಾಲ್ ಅಳತೆಯನ್ನೂ ಸೇರಿಸಬೇಕೆ? ಗಂಟೆಗೆ 1,200 ಘನ ಮೀಟರ್ ಎಳೆಯುವ ಚಿಮಣಿ ಸಾಕೆ?

ಉತ್ತರ: ಹಾಲ್ ಬೇಡ. ಕೋಣೆಯ ಗಾಳಿಯನ್ನು ಗಂಟೆಗೆ 12 ಸಲ ಬದಲಿಸುವ ಹಳೆಯ ಲೆಕ್ಕ ಹಿಡಿದರೆ, ನಿಮ್ಮ ಅಡುಗೆಮನೆಯ ಗಾತ್ರ 20.25 ಘನ ಮೀಟರ್ × 12, ಅಂದರೆ ಸುಮಾರು 243 ಘನ ಮೀಟರ್ ಆಗುತ್ತದೆ. ಇದು ಗೋಡೆಗೆ ಕೂರಿಸುವ ಎಕ್ಸಾಸ್ಟ್ ಫ್ಯಾನಿಗೆ ಸರಿ. ಚಿಮಣಿಯ ಕೆಲಸ ಬೇರೆ: ಹೊಗೆ ಹರಡುವ ಮೊದಲೇ ಒಲೆಯ ಮೇಲೆ ಹಿಡಿಯಬೇಕು. ಹಾಗಾಗಿ ಒಲೆಯನ್ನೇ ಅಳೆಯಿರಿ.

ಒಲೆಯ ತಳದಲ್ಲಿ ಅಥವಾ ಕೈಪಿಡಿಯಲ್ಲಿ ಪ್ರತಿ ಬರ್ನರಿನ ಕಿಲೋವ್ಯಾಟ್ ಇರುತ್ತದೆ. ಎಲ್ಲವನ್ನೂ ಕೂಡಿ, ಕಿಲೋವ್ಯಾಟಿಗೆ 58 ಘನ ಮೀಟರಿನಂತೆ ಗುಣಿಸಿ. ಒಟ್ಟು 9 ಕಿಲೋವ್ಯಾಟ್ ಇದ್ದರೆ ಗಂಟೆಗೆ ಸುಮಾರು 520 ಬೇಕು. ನಿಮ್ಮ ಒಲೆಗೆ 90 ಸೆಂ.ಮೀ. ಅಗಲದ ಚಿಮಣಿ ನೋಡಿ, ಎರಡೂ ಬದಿ ಏಳೆಂಟು ಸೆಂ.ಮೀ. ಹೊರಚಾಚಿರಲಿ. ಅಗಲ ಎಲ್ಲರೂ ನೋಡುತ್ತಾರೆ, ಗೋಡೆಯಿಂದ ಮುಂದಕ್ಕೆ ಎಷ್ಟು ಬರುತ್ತದೆ ಎಂಬುದನ್ನು ಮರೆಯುತ್ತಾರೆ. ಮುಂದಿನ ಬರ್ನರಿನ ನಡುಭಾಗದವರೆಗಾದರೂ ಅದು ಮುಚ್ಚಬೇಕು. ಎತ್ತರವನ್ನು ಕಟ್ಟೆಯಿಂದಲ್ಲ, ಪಾತ್ರೆ ಇಡುವ ಸ್ಟ್ಯಾಂಡಿನ ಮೇಲಿಂದ ಚಿಮಣಿಯ ಕೆಳ ಅಂಚಿನವರೆಗೆ ಅಳೆಯಿರಿ. ಗ್ಯಾಸಿಗೆ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ.; ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ನಿಮ್ಮ ನಿಜವಾದ ತೊಡಕು ಆ 100 ಮಿ.ಮೀ. ರಂಧ್ರ. ಗಂಟೆಗೆ 520 ಘನ ಮೀಟರ್ ಗಾಳಿ 150 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಹೋಗುತ್ತದೆ. ಅದೇ ಗಾಳಿಯನ್ನು 100 ಮಿ.ಮೀ.ನಲ್ಲಿ ತೂರಿಸಿದರೆ ವೇಗ 18 ದಾಟುತ್ತದೆ, ತಡೆ ಏಳೆಂಟು ಪಟ್ಟು ಹೆಚ್ಚುತ್ತದೆ. ಮೋಟಾರು ಕಿರುಚುತ್ತದೆ, ಹೊಗೆ ಮಾತ್ರ ಅಲ್ಲೇ ಸುತ್ತುತ್ತದೆ. ಡಬ್ಬಿಯ ಮೇಲಿನ 1,200 ಸಾಮಾನ್ಯವಾಗಿ ಪೈಪಿನ ತಡೆಯೇ ಇಲ್ಲದಿದ್ದಾಗಿನ ಅಂಕಿ. ರಂಧ್ರ ಹಾಗೇ ಬಿಟ್ಟು 1,200ರದ್ದು ತಂದರೆ ದುಡ್ಡು ಕೊಟ್ಟು ಸದ್ದು ತಂದಂತೆ. ಒಳಗೆ ತೊಲೆ, ವೈರು, ನೀರಿನ ಪೈಪು ಇಲ್ಲವೆಂದು ಖಚಿತಪಡಿಸಿಕೊಂಡು 150 ಮಿ.ಮೀ. ಪೈಪು ಸಲೀಸಾಗಿ ತೂರುವಷ್ಟು ಕೊರೆಸಿ. ಆಗ 1,200ರದ್ದು ನಡುವಿನ ವೇಗದಲ್ಲೇ ಸಾಕಾದೀತು. ಬೆಂಡ್ ಒಂದೋ ಎರಡೋ ಇರಲಿ. ಒಂದು 90 ಡಿಗ್ರಿ ತಿರುವು ಎರಡು ಮೂರು ಮೀಟರ್ ನೇರ ಪೈಪಿನಷ್ಟು ತಡೆ ಒಡ್ಡಬಲ್ಲದು. ಮಡಿಕೆಯ ಅಲ್ಯೂಮಿನಿಯಂ ಪೈಪಾದರೆ ಪೂರ್ತಿ ಎಳೆದು, ಹೆಚ್ಚಿನದನ್ನು ಕತ್ತರಿಸಿ. ಮಡಿಕೆಯಲ್ಲೇ ಜಿಡ್ಡು ಕೂರುವುದು.

ಹೊರಹೋದಷ್ಟು ಗಾಳಿ ಒಳಬರಲೂ ದಾರಿ ಬೇಕು. ಮೇಲಿನ ಲೆಕ್ಕಕ್ಕೆ 38 ಸೆಂ.ಮೀ. ಉದ್ದ, ಅಷ್ಟೇ ಅಗಲದಷ್ಟು ಕಿಟಕಿ ತೆರೆದಿದ್ದರೆ ಆಯಿತು. ಹಾಲಿನ ಕಿಟಕಿ ಒಳ್ಳೆಯದು. ಒಲೆ ಪಕ್ಕದ್ದು ತೆರೆದರೆ ಅಡ್ಡಗಾಳಿ ಹೊಗೆಯನ್ನು ಚಿಮಣಿಯ ಕೆಳಗಿಂದ ತಳ್ಳಿಬಿಡುತ್ತದೆ. ಮನೆಯೊಳಗೆ ಹೊಗೆಕೊಳವೆಯ ಗ್ಯಾಸ್ ಗೀಸರ್ ಇದ್ದರಂತೂ ಕಿಟಕಿ ಮುಚ್ಚಿ ಚಿಮಣಿ ಹಾಕಲೇಬೇಡಿ. ಅದರ ಹೊಗೆ ಹಿಂದಕ್ಕೆ ಎಳೆದುಕೊಂಡು ಕಾರ್ಬನ್ ಮೊನಾಕ್ಸೈಡ್ ಮನೆಯಲ್ಲಿ ತುಂಬಬಹುದು.

ಕೂರಿಸಿದ ಮೇಲೆ ಮುಂದಿನ ಬರ್ನರಿನಲ್ಲಿ ನೀರು ಕುದಿಸಿ, ಬದಿಯಿಂದ ನೋಡಿ. ಆವಿ ಚಿಮಣಿಯತ್ತ ಬಾಗಿ ಒಳಗೆ ಹೋಗಬೇಕು. ಮುಂದಿನ ಅಂಚನ್ನು ದಾಟಿ ಮೇಲೇರಿದರೆ ಮೊದಲು ಕಿಟಕಿ, ಆಮೇಲೆ ಪೈಪು ಪರೀಕ್ಷಿಸಿ.