ಹೊಸ ಬ್ಯಾಟರಿ ಹಾಕಿಸುವ ಮೊದಲು ಟರ್ಮಿನಲ್ ತೊಳೆದು ನೋಡಿ

ಬೆಳಿಗ್ಗೆ ಗಾಡಿಯ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಬ್ಯಾಟರಿಯ ಟರ್ಮಿನಲ್ (ವೈರ್ ಜೋಡಿಸುವ ತುದಿ) ಮೇಲೆ ಬಿಳಿ-ಹಸಿರು ಪುಡಿ, ಹೊಸ ಬ್ಯಾಟರಿ ಹಾಕಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಸುರಿಯಬೇಡಿ. ಆ ಪುಡಿಯೇ ಕರೆಂಟ್ ತಡೆಯುತ್ತಿರಬಹುದು.

ಗಾಡಿ ಆಫ್ ಮಾಡಿ, ಗ್ಲೌಸ್ ಹಾಕಿಕೊಳ್ಳಿ. ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಸಾಕು. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಈ ಕ್ರಮ ತಪ್ಪಿಸಲೇಬೇಡಿ. ಮೈನಸ್ ಇದ್ದಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ಅಡುಗೆ ಸೋಡಾ ನೀರಲ್ಲಿ ಕಲಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಆ ಸೋಡಾ ನೀರು ಬ್ಯಾಟರಿ ಮುಚ್ಚಳದೊಳಗೆ ಹೋಗಬಾರದು. ಒರೆಸಿ, ಒಣಗಿಸಿ, ಪ್ಲಸ್ ಮೊದಲು ಜೋಡಿಸಿ. ಬಿಗಿಯಾದ ಮೇಲೆ ವ್ಯಾಸಲೀನ್ ಸವರಿ.

ಆಮೇಲೂ ಅದೇ ಸದ್ದಾ? ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ, ಮತ್ತೆ ನೋಡಿ. ಎಂಜಿನ್ ಓಡುವಾಗ 14ರ ಹತ್ತಿರ ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅನ್ನು ಮೆಕ್ಯಾನಿಕ್‌ಗೆ ತೋರಿಸಿ.